ಹದಿನಾಲ್ಕು ಅಲ್ಲ, ಹದಿನೇಳು

ಎಡಗಿವಿಯ ಮೇಲೆ ಪೆನ್ಸಿಲ್, ಬಲಗಿವಿಯ ಮೇಲೆ ಬೆರಳುದ್ದದ ಸ್ಕ್ರೂಡ್ರೈವರ್. ವರ್ಷಗಟ್ಟಲೆ ಅವೆರಡನ್ನೂ ಹೊತ್ತು ಮೇಸ್ತ್ರಿಗಳ ಕಿವಿಗಳು ಕೆಸುವಿನ ಎಲೆಯಂತೆ ಮುಂದಕ್ಕೆ ಬಾಗಿಬಿಟ್ಟಿದ್ದವು. "ದೇವಸ್ಥಾನಕ್ಕೂ ಹೀಗೇ ಹೋಗ್ತೀರಾ?" ಎಂದು ಒಮ್ಮೆ ಕೇಳಿದ್ದೆ. "ಅಲ್ಲೂ ಏನಾದ್ರೂ ರಿಪೇರಿ ಇದ್ರೆ?" ಎಂದಿದ್ದರು, ನಗದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸನಗರದ ಕಡೆಯ ಒಂದು ಊರಿನ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಹಂಗಾಮಿ ಆಪರೇಟರ್. ತಂತಿ, ಹಲಗೆ, ಗಂಟೆಗಳೆಲ್ಲ ಮೇಸ್ತ್ರಿಗಳ ಸುಪರ್ದಿ. ಆಗ ಫೋನೆತ್ತಿದವರು ಯಾರು ಬೇಕೆಂದು ನನಗೆ ಹೇಳಬೇಕು. ನಾನು ಹಲಗೆಯ ಸರಿಯಾದ ತೂತಿಗೆ ಪಿನ್ನು ಚುಚ್ಚಿ ಗಂಟೆ ಬಾರಿಸಬೇಕು. ತೂತುಗಳ ಮೇಲೆ ನಂಬರು ಮಾತ್ರ. ಹೆಸರಿನ ಚೀಟಿ ಅಂಟಿಸಿದರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಉದುರುತ್ತಿತ್ತು. ಯಾವ ತೂತು ಯಾರದೆಂದು ತಿಳಿಯಲು ಮೇಸ್ತ್ರಿಗಳು ಬರೆದಿಟ್ಟ ರಟ್ಟಿನ ಪುಸ್ತಕವೇ ಗತಿ.

ಅದರ ಪ್ರತಿ ಪುಟದಲ್ಲೂ ಮೂರು ಮನೆ: ಕೇಳಿದರೆ ಎಲ್ಲಿ ಚುಚ್ಚಬೇಕು, ಆ ಕಡೆಯಿಂದ ಏನು ಬರುತ್ತದೆ, ಬರದಿದ್ದರೆ ಏನು ಹೇಳಬೇಕು. ಮೂರನೆಯದರ ಮೇಲೆ ಅವರಿಗೆ ವಿಪರೀತ ಹಟ. "ಬರೀ 'ಸಿಗ್ಲಿಲ್ಲ' ಅನ್ಬೇಡ ಮಾರಾಯ್ತಿ. ಯಾಕೆ ಸಿಗ್ಲಿಲ್ಲ ಅಂತ ಹೇಳು. ಕಾಯ್ಬೇಕಾ, ಬೇರೆ ದಾರಿ ಹಿಡೀಬೇಕಾ, ಅವ್ರಿಗೆ ಗೊತ್ತಾಗ್ಬೇಕಲ್ಲ." ಹೊಸ ಪುಟ ಬರೆದರೆ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಹೆಂಗಸನ್ನು ಕರೆದು ಹಲಗೆಯ ಮುಂದೆ ಕೂರಿಸುತ್ತಿದ್ದರು. ಪುಟ ಓದಿಕೊಂಡು ಆಕೆ ಫೋನು ಜೋಡಿಸಿಕೊಡಬೇಕು. ಆಕೆ ತಡವರಿಸಿದರೆ ತಪ್ಪು ಪುಟದ್ದು. ಹರಿದು ಮತ್ತೆ ಬರೆಯುತ್ತಿದ್ದರು. "ಅಲ್ಲಿ ದೋಸೆ ಸೀದ್ಹೋಗ್ತಿದೆ, ನಿಮ್ದೊಂದು ಪರೀಕ್ಷೆ!" ಎಂದು ಬೈಯುತ್ತಲೇ ಆಕೆ ಪಾಸಾಗುತ್ತಿದ್ದಳು.

ಇನ್ನೊಂದು ನೇಮವಿತ್ತು. ತಂತಿ ಬದಲಾಯಿಸಿದರೆ, ಅದನ್ನು ಪುಸ್ತಕದಲ್ಲಿ ಬರೆಯುವ ತನಕ ಸ್ಕ್ರೂಡ್ರೈವರ್ ಮರಳಿ ಕಿವಿಗೆ ಏರುವಂತಿಲ್ಲ. ಬಲಗೈಯಲ್ಲಿ ಬರೆಯುವಾಗ ಎಡಗೈಯಲ್ಲಿ ಹಿಡಿದೇ ಇರಬೇಕು. "ತಂತಿ ಸುಳ್ಳು ಹೇಳಲ್ಲ. ಪುಸ್ತಕ ಹೇಳ್ತದೆ" ಎನ್ನುತ್ತಿದ್ದರು.

ಆ ನೇಮವನ್ನು ಅವರು ಮುರಿದದ್ದು ನಾನು ಕಂಡಂತೆ ಒಮ್ಮೆ ಮಾತ್ರ. ಒಂದು ಶನಿವಾರ ಸಿಡಿಲು ಬಡಿದು ಹದಿನಾಲ್ಕನೆಯ ತೂತು ಸುಟ್ಟುಹೋಯಿತು. ಅದು ಆಸ್ಪತ್ರೆಯದು. ಅವರು ಅದರ ತಂತಿಯನ್ನು ಹದಿನೇಳಕ್ಕೆ ಸಿಕ್ಕಿಸಿ ಮುಗಿಸುವಷ್ಟರಲ್ಲಿ ನಗರದ ದಾರಿಯಲ್ಲಿ ಕಂಬ ಬಿದ್ದ ಸುದ್ದಿ ಬಂತು. ಹೊರಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಸ್ಕ್ರೂಡ್ರೈವರನ್ನು ಕಿವಿಗೇರಿಸಿ, "ಆಸ್ಪತ್ರೆ ಹದಿನೇಳು. ನೀನೇ ಬರ್ದ್‌ಬಿಡು" ಎಂದು ಓಡಿದರು.

ನಾನು ಬರೆದೆ, ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ. ಅವರ ಮುತ್ತಿನಂಥ ಅಕ್ಷರದ ನಡುವೆ ನನ್ನ ಕೋಳಿಕಾಲು ಬೇಡ, ಆಮೇಲೆ ನಿಧಾನವಾಗಿ ಪುಸ್ತಕಕ್ಕೆ ಇಳಿಸೋಣ ಎಂದು ಚೀಟಿಯನ್ನು ಡ್ರಾಯರಿಗೆ ಹಾಕಿದೆ. ಸಂಜೆ ತೀರ್ಥಹಳ್ಳಿಯ ಮದುವೆಗೆ ಹೊರಟೆ. ದಾರಿಯುದ್ದಕ್ಕೂ ಚಿಂತೆ ಮಾಡಿದೆ: ಬೀಗ ಹಾಕಿದೆನೋ, ಸೀಮೆಎಣ್ಣೆ ಸ್ಟವ್ ಆರಿಸಿದೆನೋ, ಬೆಕ್ಕು ಒಳಗೇ ಉಳಿಯಿತೋ. ಚಿಂತಿಸಬೇಕಾದ ಒಂದನ್ನು ಬಿಟ್ಟು ಲೋಕದಲ್ಲಿರುವುದನ್ನೆಲ್ಲ ಚಿಂತಿಸಿದೆ. ಅದು ನನ್ನ ಹುಟ್ಟುಗುಣ.

ಭಾನುವಾರ ಮಧ್ಯಾಹ್ನ ಹುಲಿಕಲ್ ಕಡೆಯ ಚಹಾದಂಗಡಿಯಿಂದ ಒಬ್ಬ ಆಸ್ಪತ್ರೆಗೆ ಫೋನು ಕೇಳಿದ. ಹೆಂಡತಿಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿದೆ, ಜೀಪು ಬೇಕು. ನನ್ನ ಬದಲಿಗೆ ಕೂತಿದ್ದವಳು ಪುಸ್ತಕ ನೋಡಿ ಹದಿನಾಲ್ಕಕ್ಕೆ ಚುಚ್ಚಿದಳು. ಮೂರು ಸಲ ಗಂಟೆ ಬಾರಿಸಿ, "ಆಸ್ಪತ್ರೇಲಿ ಯಾರೂ ಎತ್ತುತ್ತಿಲ್ಲ" ಎಂದಳು. ಡಾಕ್ಟರು ಫೋನಿನ ಪಕ್ಕದಲ್ಲೇ ಪೇಪರ್ ಓದುತ್ತಿದ್ದರಂತೆ. ಗಂಡ ಹೆಂಡತಿ ಲಾರಿಯೊಂದನ್ನು ಹಿಡಿದು ಆಸ್ಪತ್ರೆಗೆ ಬರುವಷ್ಟರಲ್ಲಿ ಹೊತ್ತಾಗಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ವಾರ ಕಳೆದು ಆತ ಎಕ್ಸ್‌ಚೇಂಜಿಗೆ ಬಂದ. ಜಗಳಕ್ಕಲ್ಲ. ಟವೆಲು ಹಿಂಡುತ್ತ ಬಾಗಿಲಲ್ಲೇ ನಿಂತು, "ಗಂಟೆ ಬಡೀತಿತ್ತಾ ಸ್ವಾಮಿ? ಡಾಕ್ಟ್ರು ಬಡೀಲೇ ಇಲ್ಲ ಅಂತಾರೆ. ನಂಗೆ ಅದೊಂದು ಗೊತ್ತಾಗ್ಬೇಕಿತ್ತು" ಎಂದ. "ಲೈನು ಕೆಟ್ಟಿತ್ತು" ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೇಸ್ತ್ರಿಗಳು ಎದ್ದು ನಿಂತರು. "ಬಡೀಲಿಲ್ಲ ಮಾರಾಯಾ. ಲೈನು ಸರಿ ಇತ್ತು, ಡಾಕ್ಟ್ರೂ ಇದ್ರು. ಪುಸ್ತಕ ತಪ್ಪಿತ್ತು. ಪುಸ್ತಕ ನಂದು." ಆತ ತಲೆಯಾಡಿಸಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೋದ.

ವಿಚಾರಣೆ ನಡೆಯಿತು. ಅಧಿಕಾರಿಗಳ ಮುಂದೆ ಅವರು ಹೇಳಿದ್ದು ಇಷ್ಟೇ: "ಬರೆಯೋ ಮುಂಚೆ ಸ್ಕ್ರೂಡ್ರೈವರ್ ಕಿವಿಗಿಟ್ಟವ ನಾನು." ನನ್ನನ್ನು ಕೇಳಿದಾಗ ನಾನು ನೆಲ ನೋಡಿದೆ. ಹಂಗಾಮಿ ಕೆಲಸ; ಹೋದರೆ ಮರಳಿ ಸಿಗುವುದಿಲ್ಲ. ಹಿಂದಿನ ದಿನ ಡ್ರಾಯರು ತಡಕಿದ್ದೆ. ಚೀಟಿ ಇರಲಿಲ್ಲ. ಗುಡಿಸುವಾಕೆ ಒಲೆಗೆ ಹಾಕಿರಬೇಕೆಂದು ಉಸಿರು ಬಿಟ್ಟಿದ್ದೆ. ಆ ನಿಟ್ಟುಸಿರನ್ನು ಇಂದಿಗೂ ಮರೆತಿಲ್ಲ.

ಅವರನ್ನು ಹಲಗೆಯಿಂದ ಬಿಡಿಸಿ ಕಂಬ ಹತ್ತುವ ಕೆಲಸಕ್ಕೆ ಹಾಕಿದರು, ಐವತ್ತೆರಡರ ವಯಸ್ಸಿನಲ್ಲಿ. ಒಮ್ಮೆ ರಸ್ತೆಯಲ್ಲಿ ತಡೆದು, "ಮೇಸ್ತ್ರಿಗಳೇ, ಆ ಚೀಟಿ..." ಎಂದು ತೊದಲಿದೆ. "ಯಾವ ಚೀಟಿ?" ಎಂದರು. "ಪುಸ್ತಕ ಸರಿಯಾಗಿ ಇಟ್ಕೊ. ಮಳೆ ಬರ್ತದೆ, ಹೋಗು."

ಹಲಗೆ ಹೋಗಿ ಫೋನುಗಳನ್ನು ತಾನೇ ಜೋಡಿಸುವ ಯಂತ್ರ ಬಂತು. ಯಾರಿಗೂ ಬೇಡವಾದ ರಟ್ಟಿನ ಪುಸ್ತಕವನ್ನು ಮೇಸ್ತ್ರಿಗಳು ಮನೆಗೆ ಒಯ್ದರು. ನಾನು ಟೈಪಿಂಗು, ಅಲ್ಲಿಂದ ಕಂಪ್ಯೂಟರು ಎಂದು ಉರುಳುತ್ತ ಸಾಗರದ ಸಣ್ಣ ಕಚೇರಿಯೊಂದಕ್ಕೆ ಬಂದು ಬಿದ್ದೆ. ಒಂದು ಕಡೆಯ ಪ್ರೋಗ್ರಾಮು ಇಂಟರ್‌ನೆಟ್ಟಿನಲ್ಲಿ ಇನ್ನೊಂದು ಕಡೆಯ ಪ್ರೋಗ್ರಾಮನ್ನು ಹೇಗೆ ಕೇಳಬೇಕು, ಏನು ಉತ್ತರ ಬರುತ್ತದೆ, ಬರದಿದ್ದರೆ ಯಾಕೆ ಎಂದು ಬರೆದಿಡುವುದು ಈಗ ನನ್ನ ಕೆಲಸ. ಎಪಿಐ ಕೈಪಿಡಿ ಎನ್ನುತ್ತಾರೆ. ನನಗೆ ಅದು ಮೂರು ಮನೆಯ ಪುಟವೇ. ಕೋಡ್ ಒಂದು ಸಾಲು ಬದಲಾದರೂ ಕೈಪಿಡಿ ತಿದ್ದುವ ತನಕ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ. ಚಹಾ ಆರುತ್ತದೆ, ಹುಡುಗರು ನಗುತ್ತಾರೆ.

ಹೋದ ವರ್ಷ ಮೇಸ್ತ್ರಿಗಳು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ರಟ್ಟಿನ ಪುಸ್ತಕ ತಂದುಕೊಟ್ಟರು. "ನಿಮಗೇ ಕೊಡ್ಬೇಕು ಅಂದಿದ್ರು." ಆಸ್ಪತ್ರೆಯ ಪುಟದಲ್ಲಿ ಕ್ಯಾಲೆಂಡರ್ ಹಾಳೆಯ ತುಂಡೊಂದು ಮಡಚಿ ಕೂತಿತ್ತು. ಹಿಂಬದಿಯಲ್ಲಿ ನನ್ನದೇ ಕೋಳಿಕಾಲು: "ಆಸ್ಪತ್ರೆ ಹದಿನಾಲ್ಕು ಅಲ್ಲ, ಹದಿನೇಳು. ಆಮೇಲೆ ಚೆಂದಾಗಿ ಬರೆಯಬೇಕು."

ಇಷ್ಟು ವರ್ಷ ತಡವಾಗಿ, ಈಗ ಬರೆದಿದ್ದೇನೆ.