ಸ್ಟೂಲಕ್ಕನ ಎರಡನೇ ಜೊತೆ ಕಣ್ಣು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬೀದಿಯವರೆಲ್ಲ ಸ್ಟೂಲಕ್ಕ ಎಂದೇ ಕರೆಯುವ ಆಕೆ ದಪ್ಪ ಹಲಗೆಯೊಂದನ್ನು ಮೇಜಿಗೆ ಬಿಗಿದು, ಸ್ಟೂಲಿನ ಕಾಲು ಕೂರಬೇಕಾದ ಜಾಗಕ್ಕೆ ಮೊಳೆಯಿಂದ ಚುಕ್ಕೆ ಕುಟ್ಟುತ್ತಾರೆ. ಕೈಡ್ರಿಲ್ಲಿನ ಮೊನೆಯನ್ನು ಅದರ ಮೇಲಿಟ್ಟು ಓರೆ ಮಾಡುತ್ತಾರೆ. ಆದರೆ ಗುಂಡಿ ಒತ್ತುವುದಿಲ್ಲ, ಪಕ್ಕದ ಕುರ್ಚಿಯಲ್ಲಿರುವ ಗಂಡನ ಕಡೆ ನೋಡುತ್ತಾರೆ. ಅವರು ಎಡಗೈಯಲ್ಲಿನ ಚಮಚದಿಂದ ಕುರ್ಚಿಗೆ ಒಮ್ಮೆ ಕುಟ್ಟುತ್ತಾರೆ. ಇನ್ನೂ ಸ್ವಲ್ಪ ಆಚೆ ವಾಲಿಸು ಎಂದರ್ಥ. ಎರಡು ಸಲ ಕುಟ್ಟಿದರೆ ಈಚೆ. ಚಮಚ ಮೇಲೆತ್ತಿದರೆ, ಕೊರೆ.

ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ಲಿಂಗ್ ಯಂತ್ರ ಇಲ್ಲಿಲ್ಲ. ‘ಅದನ್ನ ಒಳಗೆ ತಂದ್ರೆ ನಾನು ಬೀದಿಲಿ ನಿಂತು ಕೆಲಸ ಮಾಡ್ಬೇಕಾಗುತ್ತೆ,’ ಎಂದು ನಗುತ್ತಾರೆ. ಕೋಣೆ ಅಷ್ಟು ಇಕ್ಕಟ್ಟು. ಬಟ್ಟೆ ತೂಗುಹಾಕುವ ಗೂಟದ ಹಲಗೆಗೆ ನೆಟ್ಟಗಿನ ತೂತು ಬೇಕಾದರೆ ಮರದ ಮೇಲೆ ಕನ್ನಡಿಯ ಚೂರೊಂದನ್ನು ಇಡುತ್ತಾರೆ. ಡ್ರಿಲ್ಲೂ ಅದರ ಬಿಂಬವೂ ಒಂದೇ ಗೆರೆಯಲ್ಲಿ ಕಂಡರೆ ನೆಟ್ಟಗಿದೆ ಎಂದೇ ಲೆಕ್ಕ. ಓರೆ ತೂತಿಗೆ ಈ ಉಪಾಯ ನಡೆಯುವುದಿಲ್ಲ. ಓರೆಯಾಗಿ ಕತ್ತರಿಸಿದ ಮರದ ತುಂಡನ್ನು ಪಕ್ಕಕ್ಕೆ ನಿಲ್ಲಿಸಿ, ಅದರ ಓರೆಗೆ ಡ್ರಿಲ್ಲನ್ನು ಹೊಂದಿಸಬೇಕು. ‘ನಾನು ನಿಂತ ಕಡೆಯಿಂದ ಎಡ ಬಲ ಕಾಣುತ್ತೆ. ಹಿಂದೆ ಮುಂದೆ ಕಾಣಲ್ಲ. ಅದು ಇವರಿಗೇ ಕಾಣ್ಬೇಕು.’

ಮರಗೆಲಸದ ಮೇಸ್ತ್ರಿ ಅಸಲಿಗೆ ಗಂಡನೇ. ಆಕೆ ಉಜ್ಜಿ ಪಾಲಿಶ್ ಮಾಡುತ್ತಿದ್ದರು, ಅಷ್ಟೇ. ಹೋದ ವರ್ಷ ಪಾರ್ಶ್ವವಾಯು ಬಡಿದು ಮೇಸ್ತ್ರಿಯ ಬಲಗೈಯೂ ಮಾತೂ ಹೋದವು. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರು ಊಟಕ್ಕೂ ತಿರುಗಲೊಲ್ಲರು. ‘ಕೈಗೂ ಕೆಲಸ ಇಲ್ಲ, ಬಾಯಿಗೂ ಇಲ್ಲ. ಜೀವ ಯಾಕೆ ಇಟ್ಕೊಬೇಕು ಅಂತ ಅನ್ನಿಸಿರಬೇಕು ಅವರಿಗೆ. ನಂಗೆ ಕೈಕಾಲೇ ಆಡ್ತಿರಲಿಲ್ಲ,’ ಎನ್ನುವಾಗ ಸ್ಟೂಲಕ್ಕನ ದನಿ ಇಳಿಯುತ್ತದೆ.

ಮಕ್ಕಳ ಶಾಲೆಯೊಂದು ಸ್ಟೂಲು ಕೇಳಿತ್ತು. ದಣಿಸುವುದು ಬೇಡವೆಂದು ಗಂಡನಿಗೆ ತಿಳಿಸದೆ ತಾವೇ ಡ್ರಿಲ್ ಹಿಡಿದರು. ನಿಂತಲ್ಲಿಂದ ಕದಲದೆ ಎಲ್ಲ ತೂತೂ ಕೊರೆದರು. ಒಂದೊಂದೂ ಅವರ ಎದೆಯ ಕಡೆಗೆ ವಾಲಿತ್ತು. ಕಾಲು ಜೋಡಿಸಿದ ಮೇಲೆ ಸ್ಟೂಲುಗಳೆಲ್ಲ ಬಸ್ಸು ಹಿಡಿಯಲು ಓಡುವವರಂತೆ ಮುಂದಕ್ಕೆ ಬಾಗಿ ನಿಂತವು.

‘ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಹಿಂದಿಂದ ಗೊರಗೊರ ಅಂತ ಸದ್ದು. ನೋಡಿದ್ರೆ ಇವರು, ಗೋಡೆ ಹಿಡ್ಕೊಂಡು ಬಂದು ನಿಂತಿದಾರೆ. ಸೊಟ್ಟ ಬಾಯಲ್ಲಿ ನಗ್ತಿದಾರೆ. ನನ್ನ ಮರ್ಯಾದೆ ಹೋಯ್ತು, ಆದ್ರೆ ಹೋದ ಜೀವ ಬಂದ ಹಾಗಾಯ್ತು.’ ಆ ಮಧ್ಯಾಹ್ನವೇ ಮೇಸ್ತ್ರಿ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ ಎಳೆಸಿಕೊಂಡರು. ಕೈಗೆ ಸಿಕ್ಕಿದ್ದು ಗಂಜಿಯ ಚಮಚ.

ಹೊಸದಾಗಿ ಮಾಡಿಕೊಟ್ಟ ಸ್ಟೂಲುಗಳನ್ನು ಕಂಡು ಶಾಲೆಯ ದೊಡ್ಡ ಮೇಡಂ ಖುಷಿಯಾದರು. ಸ್ಟ್ಯಾಂಡಿನ ಡ್ರಿಲ್ಲಿಂಗ್ ಯಂತ್ರ ಕೊಡಿಸುತ್ತೇವೆ, ಶಾಲೆಯ ಹಿಂದಿನ ಕೋಣೆಯಲ್ಲೇ ಇಟ್ಟುಕೊಂಡು ಕೆಲಸ ಮಾಡಿ ಎಂದರು. ಸ್ಟೂಲಕ್ಕ ಕೈ ಮುಗಿದು ಬೇಡವೆಂದರು. ಮೇಡಂ ಆಡಿದ ಆ ಮಾತಿನ ಋಣ ಮರೆಯುವುದಿಲ್ಲ ಎಂದು ಇವತ್ತಿಗೂ ಹೇಳುತ್ತಾರೆ.

ಬೇಡ ಎಂದಿದ್ದೇಕೆ? ಗಂಡನಿಗೆ ಕೇಳಿಸದಂತೆ ಆಕೆ ಬಾಗಿಲಾಚೆ ಬಂದು ದನಿ ತಗ್ಗಿಸುತ್ತಾರೆ.

‘ಯಂತ್ರಕ್ಕೆ ಪಕ್ಕದಲ್ಲಿ ಕೂತು ನೋಡೋರು ಬೇಕಾಗಿಲ್ಲವಲ್ಲ.’