ಚಿರತೆ ಚಡ್ಡಿಯವರ ಇಂಗ್ಲಿಷ್

ಟಿವಿಯಲ್ಲಿ ವಾರವಾರ ಬರುವ ಕುಸ್ತಿಯ ಬಗ್ಗೆ ನನ್ನದೊಂದೇ ತಕರಾರು. ಅದರಲ್ಲಿ ಪಿಸುಮಾತು ಕೇಳಿಸುವುದಿಲ್ಲ. ಬೆವರಿನ ಹನಿ ಕೂಡ ಕಾಣಿಸುತ್ತದೆ. ಒಬ್ಬ ಇನ್ನೊಬ್ಬನನ್ನು ಅಕ್ಕಿಮೂಟೆಯ ಹಾಗೆ ಎತ್ತಿ ಒಗೆಯುವುದನ್ನು ಮೂರು ಕಡೆಯಿಂದ ತಿರುಗಿಸಿ ತೋರಿಸುತ್ತಾರೆ. ಆದರೆ ಎತ್ತುವುದಕ್ಕೆ ಮುಂಚೆ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಾರಲ್ಲ, ಅದು ನಮ್ಮವರೆಗೆ ಬರುವುದಿಲ್ಲ. ನಾನು ಕುಸ್ತಿಯ ಅಭಿಮಾನಿಯಾದದ್ದೇ ಆ ಪಿಸುಮಾತಿನಿಂದ.

ಎಪ್ಪತ್ತರ ದಶಕದಲ್ಲಿ ಬೆಂಗಳೂರಿಗೆ ಟಿವಿ ಬಂದಿರಲಿಲ್ಲ. ನಮಗೆ ಕುಸ್ತಿ ಬರುತ್ತಿದ್ದುದು ಶನಿವಾರ ಸಾಯಂಕಾಲ, ರಾಜಾಜಿನಗರದ ಕಾರ್ಖಾನೆಗಳ ಆಚೆಗಿದ್ದ ಖಾಲಿ ಮೈದಾನಕ್ಕೆ. ಸುತ್ತ ತಗಡಿನ ಬೇಲಿ, ನಡುವೆ ಹಲಗೆಯ ಅಟ್ಟ, ಅಟ್ಟದ ಸುತ್ತ ಹಗ್ಗ. ಬೆಳಿಗ್ಗೆಯೇ ಆಟೋಗೆ ಮೈಕು ಕಟ್ಟಿಕೊಂಡು "ಫ್ರೀಸ್ಟೈಲ್ ಕುಸ್ತಿ, ಫ್ರೀಸ್ಟೈಲ್ ಕುಸ್ತಿ" ಎಂದು ಕೂಗುತ್ತಾ ಗುಲಾಬಿ ಕರಪತ್ರ ಎಸೆದುಕೊಂಡು ಹೋಗುವರು. ಆ ಕಾಗದ ಡಬ್ಬಗಳ ಕೆಳಗೆ ಹಾಸುವುದಕ್ಕೆ ಚೆನ್ನಾಗಿರುತ್ತಿತ್ತು.

ನಾನು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಕಾನ್ವೆಂಟಿನಲ್ಲಿ ಓದಿದವಳು. ಕಾಲ ಮೇಲೆ ಕಾಲು ಹಾಕಬಾರದು, ಹಲ್ಲು ಕಾಣುವ ಹಾಗೆ ನಗಬಾರದು, ಸುಳ್ಳು ಹೇಳಬಾರದು ಎಂದು ಸಿಸ್ಟರ್‌ಗಳು ಹತ್ತು ವರ್ಷ ತಿದ್ದಿದ ಮೇಲೆ ನಾನು ಸೊಸೆಯಾಗಿ ಬಂದದ್ದು ಒಬ್ಬ ಪೈಲ್ವಾನರ ಮನೆಗೆ. ನಮ್ಮ ಮಾವನವರು ಬಡಾವಣೆ ಆಗುವ ಮುಂಚೆ ಅಲ್ಲಿದ್ದ ಹಳ್ಳಿಯವರು. ವಯಸ್ಸಿನಲ್ಲಿ ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೆಸರು ಮಾಡಿದ್ದರಂತೆ. ನಾನು ಬರುವ ಹೊತ್ತಿಗೆ ಅರವತ್ತು ದಾಟಿತ್ತು. ಆದರೂ ಬಾಗಿಲಲ್ಲಿ ಬರುವಾಗ ಸ್ವಲ್ಪ ಓರೆಯಾಗಿಯೇ ಬರುತ್ತಿದ್ದರು.

ಆ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ನಾನು ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು. ಮಾವನವರು ಒಂದು ಮಾರು ದೂರದಲ್ಲೇ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದರೂ, ಅತ್ತೆ ಹೇಳುವ ತನಕ ಕಂಬದ ಹಾಗೆ ಇರುತ್ತಿದ್ದರು. "ಕಾಫಿ ಆರಿ ಹೋಗ್ತಿದೆ ಅತ್ತೆ" ಎಂದು ನಾನು ಹೇಳಿದರೆ ಅವರ ಕೈ ಲೋಟದ ಕಡೆಗೆ ಅರ್ಧ ಹೋಗಿ ನಿಲ್ಲುತ್ತಿತ್ತು. "ಕಾಫಿ ಆರೋಯ್ತದಂತೆ" ಎಂದು ಅತ್ತೆ ಹೇಳಿದ ಮೇಲೆ ಉಳಿದ ಅರ್ಧ ಹೋಗುತ್ತಿತ್ತು.

ಮೊದಲ ಶನಿವಾರ ಮಾವನವರು ಒಬ್ಬರೇ ಹೋಗಿದ್ದರು. ಆಟ ನಡೆಸುವವರೇ ಮನೆಗೆ ಬಂದು, ಹಿರಿಯ ಪೈಲ್ವಾನರು ನೀವು, ಗೆದ್ದವರಿಗೆ ನಿಮ್ಮ ಕೈಯಿಂದ ಹಾರ ಬೀಳಬೇಕು ಎಂದು ಕರೆದಿದ್ದರು. ಗರಡಿಯ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್. ಅಲ್ಲಿಗೆ ಮುಗಿಯಿತು, ಸೋತವನು ಮಣ್ಣು ಕೊಡವಿಕೊಂಡು ಮನೆಗೆ ಹೋಗಬೇಕು. ಫ್ರೀಸ್ಟೈಲಿನಲ್ಲಿ ಹಾಗಲ್ಲ. ಬಿದ್ದವನನ್ನು ಇನ್ನೊಬ್ಬ ಅದುಮಿ ಹಿಡಿದಿರಬೇಕು, ರೆಫರಿ ಮೂರರ ತನಕ ಎಣಿಸಬೇಕು. ಇದನ್ನು ಮಾವನವರಿಗೆ ಯಾರೂ ಹೇಳಿರಲಿಲ್ಲ.

ಎರಡು ನಿಮಿಷಕ್ಕೇ ಒಬ್ಬ ಅಂಗಾತ ಬಿದ್ದ. ಮಾವನವರು ಹಾರ ಹಿಡಿದು ಮೆಟ್ಟಿಲು ಹತ್ತಿ, ಹಗ್ಗದ ನಡುವೆ ನುಸುಳಿ, ನಿಂತಿದ್ದವನ ಕೊರಳಿಗೆ ಹಾಕಿಯೇಬಿಟ್ಟರು. ಬಿದ್ದವನು ಎದ್ದು ಅದೇ ಹಾರ ಹಿಡಿದೆಳೆದು ಅವನನ್ನು ಬೀಳಿಸಿದ. ಹಾಗಾದರೆ ಗೆದ್ದವನು ಇವನು ಎಂದು ಮಾವನವರು ಹಾರ ಬಿಚ್ಚಿ ಇವನಿಗೆ ಹಾಕಿದರು. ಮೂರನೆಯ ಸಲಕ್ಕೆ ದಾರ ಮಾತ್ರ ಉಳಿದಿತ್ತಂತೆ. ಬೋ ಟೈ ಕಟ್ಟಿಕೊಂಡಿದ್ದ ಮೈಕಿನವರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು, ಜನ ಶಿಳ್ಳೆ ಹೊಡೆದರು, ಮಾವನವರು ಮೀಸೆ ನಡುಗಿಸುತ್ತಾ ಮನೆಗೆ ಬಂದರು.

"ಎಣಿಸ್ತಾನಂತೆ! ಬೆನ್ನು ಬಿದ್ ಮೇಲೆ ಎಣಿಸೋದೇನೆ? ತೆಂಗಿನಕಾಯಾ?"

"ಅವ್ರ ಇಂಗ್ಲಿಷು ನಿಮಗೇನ್ ತಿಳೀತದೆ?" ಎಂದರು ಅತ್ತೆ. "ಇವಳನ್ನ ಕರ್ಕೊಂಡೋಗಿ. ಕಾನ್ವೆಂಟಲ್ಲಿ ಓದಿರೋದು ಇನ್ಯಾವಾಗ ಉಪಯೋಗಕ್ ಬರೋದು?"

ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಶನಿವಾರ ಎರಡನೆಯ ಪಾಳಿ. ಹಾಗಾಗಿ ಮುಂದಿನ ವಾರದಿಂದ ನಾವು ಮೂವರು. ಮಾವನವರು ಅಟ್ಟದ ಪಕ್ಕದ ಮೊದಲ ಕುರ್ಚಿಯಲ್ಲಿ. ಅವರ ಹಿಂದೆ ಅತ್ತೆ, ಅತ್ತೆಯ ಪಕ್ಕ ನಾನು. ಮೈಕಿನವರು ನನಗೆ, ನಾನು ಅತ್ತೆಗೆ, ಅತ್ತೆ ಮಾವನಿಗೆ. ಮೂರು ಎಣಿಸುವ ನಿಯಮ ಈ ದಾರಿಯಲ್ಲಿ ಮಾವನವರನ್ನು ತಲುಪಿತು. ಅವರು ಒಪ್ಪಲಿಲ್ಲ, ಆದರೆ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ತಡೆದುಕೊಂಡರು.

ನನಗೆ ಆ ಶನಿವಾರಗಳು ಎಷ್ಟು ಬೇಕಾಗಿದ್ದವು ಎಂದು ಯಾರಿಗೂ ಹೇಳಿರಲಿಲ್ಲ. ಮದುವೆಯಾದ ಮೇಲೆ ನಾನು ಹೊಸಿಲು ದಾಟುತ್ತಿದ್ದುದು ತರಕಾರಿಗೆ, ದೇವಸ್ಥಾನಕ್ಕೆ, ಹಬ್ಬಕ್ಕೆ ತವರಿಗೆ. ಯಾರಿಗೂ ಬಡಿಸದೆ, ಅಕ್ಕಿಬೇಳೆ ಆರಿಸದೆ, ಎರಡು ಗಂಟೆ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡುವುದು ವಾರಕ್ಕೆ ಅದೊಂದೇ ಸಾಯಂಕಾಲ. ಎರಡನೆಯ ವಾರ ಕಾಲ ಮೇಲೆ ಕಾಲು ಹಾಕಿದೆ. ಮೂರನೆಯ ವಾರ ಎದ್ದು ನಿಂತು ಕೂಗಿದೆ.

ನನಗೆ ಅಭಿಪ್ರಾಯಗಳೂ ಹುಟ್ಟಿಕೊಂಡವು. ಕುಸ್ತಿಯವರಲ್ಲಿ ಮುಖ್ಯವಾಗಿ ಇಬ್ಬರು. ಅತ್ತೆ ಅವರನ್ನು ಹಸಿರು ಚಡ್ಡಿ, ಚಿರತೆ ಚಡ್ಡಿ ಎಂದೇ ಕರೆಯುತ್ತಿದ್ದರು. ಮಾವನವರ ಕಿವಿಗೆ ಬೀಳುವ ಹಾಗೆ ಆ ಶಬ್ದ ಆಡುವುದು ನನ್ನಿಂದಾಗದು, ನಾನು "ಹಸಿರಿನವರು", "ಚುಕ್ಕೆಯವರು" ಎನ್ನುತ್ತಿದ್ದೆ. ಹಸಿರಿನವರು ಉತ್ತರದ ಕಡೆಯವರು, ಎತ್ತರ, ಕೆಂಪು, ಒಳ್ಳೆಯವರ ಪಾತ್ರ. ಚುಕ್ಕೆಯವರು ದೂರದ ಸಮುದ್ರದ ಯಾವುದೋ ದ್ವೀಪದಿಂದ ಬಂದ ನರರಾಕ್ಷಸ ಎಂದು ಕರಪತ್ರದಲ್ಲಿತ್ತು. ಗಡ್ಡ ಬಿಟ್ಟುಕೊಂಡು ಕಣ್ಣು ಕೆಕ್ಕರಿಸುತ್ತಾ ಬರುತ್ತಿದ್ದರು. ಆದರೆ ಕೆಲಸವೆಲ್ಲ ಚುಕ್ಕೆಯವರದೇ ಎಂದು ನನಗೆ ಬೇಗ ತಿಳಿಯಿತು. ಹಸಿರಿನವರು ಒಂದು ಸಲ ಗುದ್ದಿದರೆ ಇವರು ಮೂರು ಸುತ್ತು ತಿರುಗಿ, ಹಗ್ಗಕ್ಕೆ ಬಡಿದು, ಮರದ ದಿಮ್ಮಿಯ ಹಾಗೆ ಬೀಳುವರು. ಹಾಗೆ ಬೀಳುವವರಿಲ್ಲದಿದ್ದರೆ ಆ ಗುದ್ದಿಗೆ ಏನು ಬೆಲೆ? ಇನ್ನೊಂದು, ಚುಕ್ಕೆಯವರು ಅಟ್ಟಕ್ಕೆ ಬಂದೊಡನೆ ಮೇಲಿನ ಕಂಬಳಿಯನ್ನು ಎಸೆಯುತ್ತಿರಲಿಲ್ಲ. ಅಂಚಿಗೆ ಅಂಚು ಸೇರಿಸಿ ಮಡಿಸಿ ಮೂಲೆಯಲ್ಲಿಡುತ್ತಿದ್ದರು. ಕಂಬಳಿ ಮಡಿಸಿಡುವವನು ನರರಾಕ್ಷಸನಾಗಿರಲಾರ ಎಂದು ನನ್ನ ಅಭಿಪ್ರಾಯ. ಈಗಲೂ ಅದೇ.

ಪಿಸುಮಾತು ಕೇಳಿಸಿದ್ದು ಐದನೆಯದೋ ಆರನೆಯದೋ ವಾರ. ಇಬ್ಬರೂ ಕುತ್ತಿಗೆ ಹಿಡಿದುಕೊಂಡು ನಮ್ಮ ಕಡೆಯ ಹಗ್ಗಕ್ಕೆ ಒರಗಿದ್ದರು. ಚುಕ್ಕೆಯವರು ಹಲ್ಲು ಕಡಿಯುತ್ತಾ ಹಸಿರಿನವರ ಕಿವಿಯಲ್ಲಿ, "ಸ್ಲೋಲಿ, ಸ್ಲೋಲಿ. ಲೆಫ್ಟ್ ಶೋಲ್ಡರ್ ಪೇನಿಂಗ್" ಎಂದರು.

"ಸಾರಿ, ಸಾರಿ" ಎಂದ ಹಸಿರಿನವರು ಬಲಗಡೆಯಿಂದ ಎತ್ತಿ ಒಗೆದರು.

ಮೊದಲು ನನಗೆ ಹೊಳೆದದ್ದು ಆ "ಪೇನಿಂಗ್". ನಮ್ಮ ಸಿಸ್ಟರ್ ಆಗಿದ್ದರೆ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ದ್ವೀಪದವರಿಗೆ ನಮ್ಮೂರಿನ ತಪ್ಪು ಹೇಗೆ ಬಂತು? ಆಮೇಲೆ ಎರಡನೆಯದು ಹೊಳೆಯಿತು. ಇವರು ಮಾತಾಡಿಕೊಂಡು ಆಡುತ್ತಿದ್ದಾರೆ!

"ಏನಂದ್ನೇ ಅವ್ನು?" ಎಂದರು ಅತ್ತೆ. ಮಾವನವರ ಕಿವಿ ಹಿಂದಕ್ಕೆ ತಿರುಗಿತ್ತು.

ನಿಜ ಹೇಳಿದರೆ ಮಾವನವರು ಹಾರ ಬಿಸಾಕಿ ಎದ್ದು ಹೋಗುವರು. ಒಳ ಒಪ್ಪಂದದ ಕುಸ್ತಿಯೆಂದರೆ ಅವರಿಗೆ ಕಲಬೆರಕೆ ಹಾಲಿಗಿಂತ ಹೇಸಿಗೆ. ಅಲ್ಲಿಗೆ ನನ್ನ ಶನಿವಾರ ಮುಗಿಯಿತು.

"ಎಡಗೈ... ಎಡಗೈ ಮುರೀತೀನಿ ಅಂದ್ರು ಅತ್ತೆ" ಎಂದೆ.

ಅತ್ತೆ ಮುಂದಕ್ಕೆ ಬಗ್ಗಿ ಇಡೀ ಮೈದಾನಕ್ಕೆ ಕೇಳಿಸುವ ಹಾಗೆ, "ಕೇಳಿದ್ರಾ? ನಿನ್ನ ಎಡಗೈ ಮುರ್ದು, ಅದ್ರಲ್ಲೇ ನಿನ್ನ ಹಲ್ಲು ಉದುರಿಸ್ತೀನಿ ಅಂತವ್ನೆ ಚಿರತೆ ಚಡ್ಡಿ!" ಎಂದರು.

"ಹಾಂ!" ಎಂದರು ಮಾವನವರು, ಬಹಳ ತೃಪ್ತಿಯಿಂದ.

ಒಂದು ಸುಳ್ಳು ಹೇಳಿದರೆ ಅದು ಮರಿ ಹಾಕುತ್ತದೆ ಎಂದು ಸಿಸ್ಟರ್ ಹೇಳುತ್ತಿದ್ದರು. ಮರಿಗಳು ಇಷ್ಟು ಚೆನ್ನಾಗಿರುತ್ತವೆ ಎಂದು ಹೇಳಿರಲಿಲ್ಲ. "ಮೈಂಡ್ ದ ನೇಲ್" ಎಂದು ಹಸಿರಿನವರು ಹಲಗೆಯಿಂದ ಎದ್ದ ಮೊಳೆ ತೋರಿಸಿದರೆ, ನಾನು "ಮೊಳೆ ಹೊಡೀತೀನಿ ಅಂದ್ರು" ಎಂದೆ. ಅತ್ತೆ ಅದಕ್ಕೆ ನೆತ್ತಿ ಸೇರಿಸಿದರು. "ರೆಡಿ?" ಎಂದದ್ದು "ಇವತ್ತು ನಿನ್ನ ಕೊನೇ ದಿನ" ಆಯಿತು. ಅತ್ತೆ ಅದಕ್ಕೆ ತಿಥಿಯ ವಡೆ ಸೇರಿಸಿದರು.

ಹೀಗೇ ನಡೆಯುತ್ತಿತ್ತೋ ಏನೋ. ಒಂದು ಗುರುವಾರ ಮಾವನವರು ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದಲ್ಲಿ ಎದ್ದು ಬಂದರು. ಅಲ್ಲಿ ಅವರ ಹಳೆಯ ಗರಡಿ ಜೊತೆಗಾರರೊಬ್ಬರು, "ಏನ್ ಪೈಲ್ವಾನ್ರೇ, ನಾಟಕಕ್ಕೆ ಹಾರ ಹಿಡ್ಕೊಂಡ್ ಹೋಗ್ತೀರಂತೆ? ಬಣ್ಣ ಯಾವಾಗ ಹಚ್ಕೊಳ್ಳೋದು?" ಎಂದು ಎಲ್ಲರೆದುರಿಗೆ ಕೇಳಿದ್ದರಂತೆ.

"ಭಾನುವಾರ ಆ ಇಬ್ರನ್ನೂ ಊಟಕ್ಕೆ ಕರೀತೀನಿ" ಎಂದರು ಮಾವನವರು ಅತ್ತೆಗೆ. "ನಿಜವಾದ ವೈರಿಗಳು ಒಂದೇ ಪಂಕ್ತೀಲಿ ಕೂತು ಉಣ್ಣಲ್ಲ. ಕೂತ್ರೋ, ನಾಟಕ ಅಂತ ಲೆಕ್ಕ. ಇನ್ಮೇಲೆ ಆ ಕಡೆ ಯಾರೂ ತಲೆ ಹಾಕೋ ಹಂಗಿಲ್ಲ. ನಿನ್ನ ಸೊಸೆಗೂ ಹೇಳು."

ನಾನು ಅಲ್ಲೇ ಕೊತ್ತಂಬರಿ ಬಿಡಿಸುತ್ತಿದ್ದೆ. ಅವರಿಬ್ಬರೂ ದಾರಿಯಲ್ಲೇ ಜಗಳವಾಡಿಕೊಳ್ಳಲಿ ಎಂದು ಮನೆಯ ದೇವರಿಗೂ ಕಾನ್ವೆಂಟಿನ ದೇವರಿಗೂ ಕೇಳಿಕೊಂಡೆ.

ಭಾನುವಾರ ಅವರು ಬಂದದ್ದು ಒಂದೇ ಸ್ಕೂಟರಿನಲ್ಲಿ. ಮುಂದೆ ಹಸಿರಿನವರು, ಅಂದು ಪ್ಯಾಂಟು ಹಾಕಿದ್ದರು. ಹಿಂದೆ ನರರಾಕ್ಷಸರು, ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ, ಮಡಿಲಲ್ಲಿ ಬಾಳೆಹಣ್ಣಿನ ಚಿಪ್ಪು ಇಟ್ಟುಕೊಂಡು. ಗೇಟಿನ ಹತ್ತಿರ ನಿಂತಿದ್ದ ಮಾವನವರ ಮುಖ ಗಂಟಾಯಿತು.

"ಪೆಟ್ರೋಲ್ ಉಳಿಸೋಕಿರಬೇಕು" ಎಂದರು ಅತ್ತೆ ಮೆಲ್ಲಗೆ.

ಎಲೆ ಹಾಕಿದೆವು. ಪಕ್ಕಪಕ್ಕದಲ್ಲೇ ಕೂತರು. ರಾಗಿಮುದ್ದೆ, ನಾಟಿ ಕೋಳಿ ಸಾರು. ಹಸಿರಿನವರು ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದರು. ಮುದ್ದೆಯನ್ನು ನುಂಗಬೇಕು, ಅಗಿದರೆ ಮುಗಿಯುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರು? ಆಮೇಲೆ ಊಟ ಮುಗಿಯುವ ತನಕ ಅವರಿಂದ ಒಂದು ಮಾತು ಹೊರಡಲಿಲ್ಲ. ಚುಕ್ಕೆಯವರು ಮಾತ್ರ ಒಂದು ಚೂರು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಸಾರಿನಲ್ಲಿ ಅದ್ದಿ, ಗುಳುಂ ಎನಿಸಿದರು. ನಾನು ಸೌಟು ಹಿಡಿದು ನೋಡುತ್ತಲೇ ಇದ್ದೆ. ಅತ್ತೆ ಬಗ್ಗಿ, ಬಂದವರನ್ನೆಲ್ಲ ಕೇಳುವ ಹಾಗೇ, ಕನ್ನಡದಲ್ಲೇ ಕೇಳಿದರು:

"ಇನ್ನೊಂದ್ ಹಾಕ್ಲೇನಪ್ಪಾ?"

"ಅರ್ಧ ಸಾಕು ಕಣವ್ವಾ" ಎಂದರು ನರರಾಕ್ಷಸರು.

ಎಲ್ಲರ ಕೈಯೂ ನಿಂತಿತು. ಹಸಿರಿನವರು ಮಾತ್ರ ಅಗಿಯುತ್ತಿದ್ದರು.

"ಯಾವೂರು?" ಎಂದರು ಮಾವನವರು.

"ಕುಣಿಗಲ್ ಕಡೆ ಸ್ವಾಮಿ. ನಾನೂ ಗರಡೀಲೇ ಕಲ್ತಿದ್ದು." ಗಡ್ಡದೊಳಗೆ ಮುಖ ಕೆಂಪಾಗಿತ್ತು. "ದ್ವೀಪ ಅಂತ ಅವ್ರೇ ಹಾಕಿದ್ದು. ನಾನು ಸಮುದ್ರಾನೇ ನೋಡಿಲ್ಲ."

"ಸರಿ. ಅವನ ಹಲ್ಲು ಉದುರಿಸ್ತೀನಿ ಅಂದಿದ್ಯಂತಲ್ಲ? ಅಂದಿದ್ಯೋ, ಇಲ್ವೋ?"

ಚುಕ್ಕೆಯವರು ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟು ವಾರವೂ ಅತ್ತೆಯ ಗಂಟಲು ಅವರಿಗೆ ಕೇಳಿಸುತ್ತಲೇ ಇದ್ದಿರಬೇಕು. ಎಲೆಯ ಕಡೆ ನೋಡಿಕೊಂಡು, "ಅಂದಿರಬೌದು ಸ್ವಾಮಿ. ಕೋಪದಲ್ಲಿ ಏನಂತೀವೋ" ಎಂದರು.

ಕಂಬಳಿ ಮಡಿಸಿಡುವ ಮನುಷ್ಯ ನನಗಾಗಿ ಸುಳ್ಳು ಹೇಳುತ್ತಿದ್ದಾರೆ! ನನ್ನಿಂದ ತಡೆಯಲಾಗಲಿಲ್ಲ. ಶನಿವಾರ ಹೋದರೆ ಹೋಗಲಿ ಎಂದುಕೊಂಡು, ಆ ಮನೆಗೆ ಬಂದ ಮೇಲೆ ಮೊದಲ ಸಲ ಮಾವನವರ ಮುಖ ನೋಡಿ ಮಾತಾಡಿದೆ.

"ಇಲ್ಲ ಮಾವ. ಅವರು ಹಾಗನ್ನಲಿಲ್ಲ. ಎಡಭುಜ ನೋಯ್ತಿದೆ, ನಿಧಾನ ಅಂದ್ರು. ನಾನೇ ಸುಳ್ಳು ಹೇಳಿದ್ದು. ಎಲ್ಲಾ ವಾರವೂ."

ಮಾವನವರು ಕಂಬದ ಹಾಗೆ ಕೂತಿದ್ದರು. ಆಮೇಲೆ ನಿಧಾನವಾಗಿ ಅತ್ತೆಯ ಕಡೆಗೆ ತಿರುಗಿ, "ಏನಂತೆ?" ಎಂದರು.

ಅತ್ತೆ ನನ್ನನ್ನು ನೋಡಿದರು, ಚುಕ್ಕೆಯವರನ್ನು ನೋಡಿದರು, ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಹುಡುಗನ ಎಡಭುಜ ನೋಯ್ತದಂತೆ, ನೋಡ್ಬೇಕಂತೆ ನೀವು" ಎಂದರು.

ಮಾವನವರು ಎದ್ದು ಕೈ ತೊಳೆದುಕೊಂಡು ಬಂದರು. ಹಳೆಯ ಪೈಲ್ವಾನರೆಂದರೆ ಉಳುಕು ತೆಗೆಯುವವರು, ಸುತ್ತಲ ನಾಲ್ಕು ಬ್ಲಾಕಿನ ಉಳುಕೆಲ್ಲ ನಮ್ಮ ಜಗಲಿಗೇ ಬರುತ್ತಿತ್ತು. ಷರಟಿನ ಮೇಲೇ ಭುಜಕ್ಕೆ ಹೆಬ್ಬೆರಳು ಊರಿದರು. "ಅಯ್ಯೋ ನಮ್ಮವ್ವಾ!" ಎಂದು ನರರಾಕ್ಷಸರು ಕಿರುಚಿದ್ದಕ್ಕೆ ಹಸಿರಿನವರ ಬಾಯಿಯ ಮುದ್ದೆ ಕೊನೆಗೂ ಒಳಗೆ ಹೋಯಿತು.

"ಗೆಲ್ಲೋದು ಸುಳ್ಳಿರಬೌದು" ಎಂದರು ಮಾವನವರು, ಬಹಳ ಹೊತ್ತು ತಿಕ್ಕಿದ ಮೇಲೆ. "ಬೀಳೋದು ಸುಳ್ಳಲ್ಲ. ಇದು ಬಿದ್ ಬಿದ್ದೇ ಆಗಿರೋ ಉಳುಕು. ಒಂದ್ ಸಲಕ್ಕೆ ಹೋಗಲ್ಲ. ಶನಿವಾರ ಶನಿವಾರ ಅಲ್ಲಿಗೇ ಹೋಗಿ ತಿಕ್ಕಬೇಕು. ಎಣ್ಣೆ ಶೀಶೆ ತಗೊಂಡ್ ಬರೋಕ್ ಹೇಳು ನಿನ್ನ ಸೊಸೆಗೆ."

ಅತ್ತೆ ನನ್ನ ಕಡೆ ತಿರುಗಿ, ನಾನೇನೋ ಪಕ್ಕದ ಊರಿನಲ್ಲಿದ್ದೇನೆಂಬಂತೆ, "ಶನಿವಾರ ಎಣ್ಣೆ ತರಬೇಕಂತೆ ಕಣಮ್ಮಾ!" ಎಂದು ಕೂಗಿದರು.

ಆ ಶನಿವಾರ ಹೋಗುವಾಗ, ಇನ್ನು ಕೇಳಿದ್ದನ್ನು ಕೇಳಿದ ಹಾಗೇ ಹೇಳುವುದು ಎಂದು ನಿಶ್ಚಯಿಸಿಕೊಂಡಿದ್ದೆ. ಎರಡನೆಯ ಸುತ್ತಿನಲ್ಲಿ ಇಬ್ಬರೂ ನಮ್ಮ ಮೂಲೆಗೆ ಬಂದು ಗಂಟುಬಿದ್ದರು. ಹಸಿರಿನವರು ಕಿವಿಯಲ್ಲಿ ಏನೋ ಅಂದರು.

"ಏನಂದ್ನೇ?"

"ಆ ಕೋಳಿ ಸಾರು ತುಂಬಾ ಚೆನ್ನಾಗಿತ್ತು ಅಂತಿದ್ದಾರೆ ಅತ್ತೆ" ಎಂದೆ. ಅಕ್ಷರಶಃ ಅದನ್ನೇ ಅಂದಿದ್ದರು. ನನ್ನ ಮಾತು ಮಾವನವರ ಕಿವಿಗೂ ನೇರವಾಗಿ ಬಿದ್ದಿತ್ತು, ಮೀಸೆ ಅಲುಗಿದ್ದನ್ನು ನಾನು ಕಂಡೆ.

ಅತ್ತೆ ಒಂದು ಕ್ಷಣ ಯೋಚಿಸಿ ಮುಂದಕ್ಕೆ ಬಗ್ಗಿದರು.

"ಕೇಳಿದ್ರಾ? ನಿನ್ನನ್ನ ಕೋಳಿ ಥರ ಕತ್ತು ಮುರ್ದು ಸಾರು ಮಾಡ್ತೀನಿ ಅಂತವ್ನೆ!"

"ಹಾಂ!" ಎಂದರು ಮಾವನವರು, ಕುರ್ಚಿಯ ಅಂಚಿಗೆ ಸರಿದು ಕೂತರು.