ನನ್ನ ನೆಗೆಣ್ಣಿ ಟೈಪ್ ಮಾಡಿದ ಹೆಸರು

ನನ್ನ ನೆಗೆಣ್ಣಿ ಕಂಡ್ರ ನನಗ ಆಗಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಮುಚ್ಚಿಡೋದು ಬ್ಯಾಡ. ಆಕಿ ನನ್ನ ಗಂಡನ ಅಣ್ಣನ ಹೆಂಡ್ತಿ. ಕಡ್ಡಿರಾಂಪುರದಾಗ, ಹಂಪಿಗೆ ಹೋಗೋ ರಸ್ತಿ ಬಾಜು ಹೋಂಸ್ಟೇ ಇಟ್ಟಾಳ. ನಾವು ಕಂಪ್ಲಿಯಾಗ ಮಾವನ ಜೋಡಿ, ರೈಸ್ ಮಿಲ್ಲಿನ ಹಿಂದಿನ ಮನಿಯಾಗ ಇರ್ತೀವಿ. ನಡುವ ಅಷ್ಟು ದೂರ ಇದ್ರೂ ಆಕಿ ನಾಲಿಗಿ ನಮ್ಮ ಅಡಗಿಮನಿ ತನಕ ಚಾಚಿರ್ತೈತಿ.

ಆಕಿಗೆ ಮಗಳಿಲ್ಲ. ನನಗ ಒಬ್ಬಾಕಿ ಅದಾಳ. ಹೋದ ವರ್ಷ ನನ್ನ ಮಗಳು ಪಿಯುಸಿ ಮುಗಿಸಿದ್ಲು, ಹೊಸಪೇಟಿ ಕಾಲೇಜಿನಾಗ ಡಿಗ್ರಿಗೆ ಸೀಟು ಸಿಕ್ತು. ಮನಿಯಿಂದನ ಬಸ್ಸಿನಾಗ ಹೋಗಿ ಬರ್ಲಿ ಅಂದೆ ನಾನು. ನೆಗೆಣ್ಣಿ ಎಲ್ಲಿದ್ಲೋ, ತಟ್ಟನ ಫೋನ್ ಹಚ್ಚಿದ್ಲು. "ನಮ್ಮನ್ಯಾಗ ಬಿಡ್ರಿ ಹುಡುಗೀನ. ಕಾಲೇಜಿಗೆ ಹತ್ತರ ಆಗ್ತೈತಿ, ನಾಲ್ಕು ಮಂದಿ ಜೋಡಿ ಮಾತಾಡೋದು ಕಲೀತಾಳ." ಯಾವ ನಾಲ್ಕು ಮಂದಿ? ಆಕಿ ಹೋಂಸ್ಟೇಕ್ಕ ಬರೋ ಫಾರಿನ್ ಮಂದಿ! ನನ್ನ ಮಗಳಿಗೆ ಇಂಗ್ಲಿಷ್ ಚಲೋ ಬರ್ತೈತಿ. ಬೆಳಿಗ್ಗೆ ಎದ್ದು ಅವರಿಗೆ ದೋಸಿ ಬೇಕೋ ಬ್ರೆಡ್ ಬೇಕೋ ಕೇಳಾಕ, ರೂಮಿನ ಬೀಗ ಕೊಡಾಕ, ಒಂದು ಹುಡುಗಿ ಪುಕ್ಕಟೆ ಸಿಕ್ರ ಯಾರಿಗೆ ಬ್ಯಾಡ? ಓದು ಅನ್ನೋದು ಬರೇ ಬಾಯಿಮಾತು.

ಇದನ್ನ ನಾ ಎಲ್ಲಾರ ಮುಂದ ಅಂದ್ರ ನಾನ ಕೆಟ್ಟಾಕಿ. ನನ್ನ ಗಂಡಂದು ಒಂದ ಮಾತು, "ನೋಡೋಣು." ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಮ್ಮನಿಯಾಗ ಅವರು ಹೇಳಿದ್ದ ಕಡೀ ಮಾತು. ನೆಗೆಣ್ಣಿ ಮಾತ್ರ ಹೋದಲ್ಲಿ ಬಂದಲ್ಲಿ ಅದನ್ನ ರಾಗ ಎಳೀತಿದ್ಲು: ತಾಯಿ ಎಸ್ಸೆಲ್ಸಿ ಫೇಲು, ಆಕಿಗೇನು ತಿಳೀತೈತಿ, ಆಕಿ ಕೈಯಾಗ ಹುಡುಗಿ ಹಾಳಾಗ್ತಾಳ. ಫೇಲು ಖರೆ, ಲೆಕ್ಕದಾಗ ಹೋತು. ಆದ್ರ ತಲಿ ಹೋಗಿಲ್ಲಲ್ಲ!

ಐತವಾರ ಮಧ್ಯಾಹ್ನ ಊಟ ಆದ ಮ್ಯಾಲ ನಮ್ಮ ಮಂದಿ ಎಲ್ಲಾ ಫೋನಿನಾಗ ವಿಡಿಯೋ ಕಾಲ್ ಹಚ್ಚಿ ಒಂದು ಆಟ ಆಡ್ತಾರ. ಒಬ್ಬರು ಯಾವುದರ ಕಥಿ, ನಾಟಕ, ಸೀರಿಯಲ್ಲಿನ ಪಾತ್ರದ ಹೆಸರನ್ನ ಗುಟ್ಟಾಗಿ ಟೈಪ್ ಮಾಡಿಡಬೇಕು. ಉಳದವರು ಸರದಿ ಪ್ರಕಾರ ಪ್ರಶ್ನೆ ಕೇಳಬೇಕು. ಉತ್ತರ "ಹೌದು" ಇಲ್ಲಾಂದ್ರ "ಅಲ್ಲ", ಅಷ್ಟ. ಹೆಸರು ಗೊತ್ತಾದ್ರ ಬಾಯಿಬಿಟ್ಟು ಹೇಳಬೇಕು, ಅದೂ ಯಾರ ಸರದಿಯೋ ಅವರ ಹೇಳಬೇಕು. ಮೊದಲು ಟೈಪ್ ಮಾಡಿದ್ರೂ ನಡೀತಿತ್ತು. ಸಂಡೂರಿನ ನಮ್ಮ ನಾದಿನಿ ಮಕ್ಕಳು ನೆಟ್ಟಿನಾಗ ಹುಡುಕಿ ಹುಡುಕಿ ಹಾಕ್ತಾರಂತ ನೆಗೆಣ್ಣಿನ ಅದನ್ನ ಬಂದ್ ಮಾಡಿದ್ಲು.

ಇಲ್ಲಿ ನಮ್ಮನಿ ಒಂದು ಪದ್ಧತಿ ಹೇಳಬೇಕು. ಸೊಸಿ ಆದಾಕಿ ಗಂಡನ ಹೆಸರು ಹಿಡಿಯಂಗಿಲ್ಲ, ಮಾವನ ಹೆಸರಂತೂ ಕನಸಿನಾಗೂ ಇಲ್ಲ. ಗ್ಯಾಸ್ ಆಫೀಸಿನಾಗ "ಗಂಡನ ಹೆಸರೇನ್ರಿ" ಅಂದ್ರ, ನಾ ಸಣ್ಣಾಕಿದ್ದ ಮಗಳನ್ನ ಮುಂದ ತಳ್ಳಿ "ಹೇಳವ್ವಾ" ಅಂತಿದ್ದೆ. ನಮ್ಮತ್ತಿ ತವರೂರಿನ ಗುಡ್ಡದ ದೇವರಿಗೂ ಮಾವನ ಹೆಸರ ಇತ್ತು. ಪಾಪ, ಆಕಿ ಸಾಯೋ ತನಕ ಆ ದೇವರನ್ನ "ಗುಡ್ಡದಾತ" ಅಂತನ ಕರದ್ಲು, ಮಂಗಳಾರತಿಯಾಗೂ. ಯಾರೂ ಬಡದು ಹೇಳಿದ್ದಲ್ಲ. ನಾಲಿಗಿನ ಹೊರಳಲ್ಲ, ಏನ್ ಮಾಡ್ತೀರಿ.

ಅವತ್ತು ಹೆಸರು ಇಡೋ ಸರದಿ ನೆಗೆಣ್ಣಿದು. ಇಟ್ಟು, ಸೆರಗು ಸರಿ ಮಾಡಿಕೊಂಡು ಕುಂತ್ಲು. ಆ ನಗಿ ನೋಡಿದಾಗನ ನನಗ ವಾಸನಿ ಹೊಡೀತು.

"ಗಂಡಸೇನು?" ಅಂದ್ರು ಯಾರೋ.

"ಹೌದು."

"ಸೀರಿಯಲ್ಲಿನಾಗ ಬರ್ತಾನ?"

"ಅಲ್ಲ."

"ನಾಟಕದಾಗ?" ಅಂದ್ಲು ನಾದಿನಿ.

"ಹೌದು."

"ಕೆಟ್ಟಾವೇನು?" ಅಂದ್ಲು ನನ್ನ ಮಗಳು.

"ಹೌದು."

ನನ್ನ ಸರದಿ ಬಂತು. ಸುಮ್ಮನ ಒಂದು ಕಲ್ಲು ಒಗದೆ. "ಊರ ಬಾವಿಗೆ ಬೀಗ ಹಾಕ್ತಾನೇನು?"

"ಹೌ...ದು," ಅಂತ ಎಳದ್ಲು.

ಅಯ್ಯ ಶಿವನೇ! ಆ ನಾಟಕ ನನಗ ಗೊತ್ತಿಲ್ಲದ್ದೇನು? ನನ್ನ ತವರು ಬಂಡ್ರಿ. ಊರಿನ ಮಂದಿ ಆ ನಾಟಕ ಕಲಿತಾಗ, ಬಾವಿಗೆ ಬೀಗ ಹಾಕೋ ದುಷ್ಟ ಸಾವ್ಕಾರನ ಪಾತ್ರ ನಮ್ಮಪ್ಪಂದು. ನಮ್ಮ ಅಂಗಳದಾಗನ ಮಾತು ಉರು ಹೊಡೀತಿದ್ದ. ನಾವು ಹುಡುಗರು ಆ ಸಾವ್ಕಾರನ ಹೆಸರು ಹಿಡದು, "ಲೇ, ಬೀಗ ತೆಗಿಯೋ!" ಅಂತ ಒದರಿ ಓಡತಿದ್ವಿ. ಲಗ್ನ ಆಗಿ ಬಂದ ಮ್ಯಾಲ ನೋಡ್ತೀನಿ, ಮಾವಂದೂ ಅದ ಹೆಸರು. ಅವತ್ತಿಂದ ಆ ಪಾತ್ರ ನನಗ "ಬಾವಿ ಸಾವ್ಕಾರ" ಆತು. ನೆಗೆಣ್ಣಿ ಚೋರನೂರಿನಾಕಿ. ಅವರೂರಾಗೂ ಅದ ನಾಟಕ ಆಡ್ಯಾರ. ಆಕೀನೂ ಈ ಮನಿ ಸೊಸಿನ, ಆ ಹೆಸರು ಆಕಿನೂ ಒಮ್ಮೆರ ಹಿಡದಿಲ್ಲ. ಹೆಸರು ಇಡಾಕಿ ಟೈಪ್ ಮಾಡಿದ್ರ ಸಾಕು, ಬಾಯಿಬಿಟ್ಟು ಹೇಳೋ ಪಾಡು ನಂದು. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ.

"ಬಾವಿ ಸಾವ್ಕಾರ," ಅಂದೆ.

"ಅದು ಹೆಸರಲ್ಲ. ಹೆಸರು ಹೇಳು."

"ನಾ ಯಾಕ ಹೇಳಂಗಿಲ್ಲ ಅಂತ ನಿನಗ ಗೊತ್ತೈತಕ್ಕ."

"ಏನವ್ವಾ ಗೊತ್ತಿರೋದು? ಬರಲ್ಲಾಂದ್ರ ಬರಲ್ಲ ಅನ್ನು. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!" ಅಷ್ಟಕ್ಕ ಬಿಡಲಿಲ್ಲ. ಫೋನಿಗೆ ಇನ್ನೂ ಹತ್ತರ ಬಂದ್ಲು. "ನೋಡಿದ್ರಿಲ್ಲ ಎಲ್ಲಾರೂ? ಒಂದು ನಾಟಕದಾಗಿನ ಹೆಸರು ಹೇಳಾಕ ಬಾರದಾಕಿ ಮಗಳ ಓದು ಏನು ನೋಡ್ತಾಳ? ಸೋಮವಾರನ ಹುಡುಗೀನ ನನ್ನ ಕಡೆ ಕಳಸ್ರಿ."

ಮೈಯೆಲ್ಲಾ ಉರೀತು. ಅದನ್ನೂ ತಡ್ಕೋತಿದ್ದೆ. ಆದ್ರ ಬಾಜು ಕುಂತಿದ್ದ ಮಗಳು ನನ್ನ ಕೈ ಮುಟ್ಟಿ, "ಹೋಗ್ಲಿ ಬಿಡವ್ವಾ, ನಿನಗ ಗೊತ್ತಿಲ್ಲಾಂದ್ರ ಏನಾತೀಗ," ಅಂದ್ಲು. ಭಾಳ ಮೆತ್ತಗ ಅಂದ್ಲು. ನನ್ನ ಮಗಳೂ ನಂಬಿಬಿಟ್ಲು, ತನ್ನವ್ವ ದಡ್ಡಿ ಅಂತ.

ಹೇಳಿದೆ. ಪಿಸು ಅಂತಲ್ಲ, ಬಂಡ್ರಿ ಅಂಗಳದಾಗ ಒದರಿದಂಗ, ಗಂಟಲು ಬಿಟ್ಟು ಆ ಹೆಸರು ಒದರಿದೆ.

ಸಂಡೂರಿನ ನಾದಿನಿ ಬಾಯಿಮ್ಯಾಲೆ ಕೈ ಇಟ್ಟುಕೊಂಡ್ಲು. ಹೊರಗ ಕಟ್ಟಿಮ್ಯಾಲೆ ಮಾವ ಅಡ್ಡಾಗಿದ್ರು. ಅಲ್ಲಿಂದ ಧ್ವನಿ ಬಂತು, "ಓ! ಬಂದೆ."

ಚಪ್ಪಲಿ ಸಪ್ಪಳ ಬಾಗಲ ತನಕ ಬಂತು. ಎದ್ದು ತಲಿಮ್ಯಾಲೆ ಸೆರಗು ಎಳಕೊಂಡೆ.

"ಯಾರವ್ವಾ ನನ್ನ ಕರದದ್ದು?" ಅಂದ್ರು ಮಾವ.

ನಾ ಬಾಯಿ ತೆಗಿಯೋದ್ರಾಗ ನೆಗೆಣ್ಣಿ ಫೋನಿನಾಗಿಂದ ಚೀರಿದ್ಲು. "ಆಕಿನರಿ ಮಾವ! ನಿಮ್ಮ ಹೆಸರು ಹಿಡದು ಒದರಿದ್ಲು! ಎಲ್ಲಾರೂ ಕೇಳ್ಯಾರ!"

"ಹೌದೇನವ್ವಾ?"

"ಹೌದ್ರಿ."

ಬಾಗಲ ಚೌಕಟ್ಟು ಹಿಡಕೊಂಡು ನಿಂತ್ರು. ಬೈತಾರ ಅಂತ ಕಾದೆ. "ನಮ್ಮವ್ವ ಹೋದ ಮ್ಯಾಲ ಈ ಮನಿಯಾಗ ಯಾರೂ ನನ್ನ ಹಂಗ ಕರದಿದ್ದಿಲ್ಲ," ಅಂದ್ರು. ಆಮ್ಯಾಲ, "ಏನ್ ಬೇಕಿತ್ತು, ಹೇಳು," ಅಂದ್ರು.

ಅದು ಆಟ, ನಾಟಕದ ಸಾವ್ಕಾರನ ಹೆಸರು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕರದ್ದು ಕರದಾಗಿತ್ತು.

"ನನ್ನ ಮಗಳು ಇಲ್ಲೇ ಇರ್ಬೇಕ್ರಿ ಮಾವ. ಬಸ್ಸಿನಾಗ ಹೋಗಿ ಬರ್ತಾಳ. ಕಡ್ಡಿರಾಂಪುರಕ್ಕ ನಾ ಕಳಸಂಗಿಲ್ಲ."

ಮಾವ ಮಮ್ಮಗಳ ಕಡೆ ನೋಡಿದ್ರು. "ನಿನಗೂ ಹಂಗನ ಐತೇನು?"

"ಹೌದು ತಾತ," ಅಂದ್ಲು. ತಡಾ ಮಾಡಲಿಲ್ಲ ಹುಡುಗಿ.

"ಹಂಗಾದ್ರ ಮುಗೀತು."

"ಮಾವ, ಆಕಿ ನಿಮ್ಮ ಹೆಸರು..." ಅಂತ ನೆಗೆಣ್ಣಿ ಮತ್ತ ಶುರು ಮಾಡಿದ್ಲು.

"ಕೇಳಿಸ್ತವ್ವಾ. ಹೆಸರು ಇಟ್ಟಿದ್ದು ಕರಿಯಾಕಲ್ಲೇನು?" ಅಂದು, ಹೋಗಿ ಮತ್ತ ಕಟ್ಟಿಮ್ಯಾಲೆ ಅಡ್ಡಾದ್ರು. ನೆಗೆಣ್ಣಿ ಫೋನ್ ಕಟ್ ಮಾಡಿದ್ಲು.

ಈಗ ನನ್ನ ಮಗಳು ದಿನಾ ಮುಂಜಾನೆ ರೊಟ್ಟಿ ಕಟ್ಟಿಕೊಂಡು ಬಸ್ಸಿಗೆ ಹೋಗ್ತಾಳ. ಆ ಆಟಕ್ಕ ನೆಗೆಣ್ಣಿ ಬರಲ್ಲ. ಆಕಿ ಹೋಂಸ್ಟೇಕ್ಕ ಸಂಬಳ ಕೊಟ್ಟು ಒಬ್ಬ ಹುಡುಗೀನ ಇಟ್ಟಾಳಂತ, ಇಟ್ಕೊಳ್ಳಿ. ಮಾವನ ಹೆಸರು ನಾ ಮತ್ತ ಹಿಡದಿಲ್ಲ, ಇಲ್ಲೂ ಬರದಿಲ್ಲ ನೋಡ್ರಿ. ಆದ್ರ ಆಕಿ ಇನ್ನೊಮ್ಮೆ ನನ್ನ ಮಗಳ ತಂಟೆಕ್ಕ ಬರ್ಲಿ, ಕಟ್ಟಿ ಮುಂದ ನಿಂತು ಕರೀತೀನಿ.